ರೌಟರ್ ಬದಲಾದ ಮೇಲೆ ಮನೆಯ ಕ್ಯಾಮೆರಾ

ಬ್ರಾಡ್‌ಬ್ಯಾಂಡ್ ಕಂಪನಿಯನ್ನು ಬದಲಿಸಿದ ದಿನ ಮನೆಯ ಮೊಬೈಲು, ಟಿವಿ, ಲ್ಯಾಪ್‌ಟಾಪುಗಳು ಕೆಲವೇ ನಿಮಿಷಗಳಲ್ಲಿ ಹೊಸ ವೈಫೈಗೆ ಹೊಂದಿಕೊಳ್ಳುತ್ತವೆ. ಬಾಗಿಲ ಮೇಲೆ, ಅಂಗಳದ ಮೂಲೆಯಲ್ಲಿ, ಗೋದಾಮಿನ ಸೂರಿನಡಿ ಇರುವ ಭದ್ರತಾ ಕ್ಯಾಮೆರಾ ಮಾತ್ರ ಹೊಂದಿಕೊಳ್ಳುವುದಿಲ್ಲ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ, ಹೊಸ ಪಾಸ್‌ವರ್ಡ್ ಏನೆಂದು ಕೇಳುವ ದಾರಿಯೂ ಇಲ್ಲ. ಹಳೆಯ ರೌಟರಿನ ಹೆಸರನ್ನೇ ಅದು ಗಾಳಿಯಲ್ಲಿ ಹುಡುಕುತ್ತಿರುತ್ತದೆ, ಮೊಬೈಲಿನ ಆ್ಯಪ್‌ನಲ್ಲಿ ‘ಆಫ್‌ಲೈನ್’ ಎಂಬ ಸೂಚನೆ ನಿಂತುಬಿಡುತ್ತದೆ, ಮನೆಯವರು ಕ್ಯಾಮೆರಾ ಕೆಟ್ಟಿತೆಂದು ತಿಳಿದು ರಿಪೇರಿಯವರನ್ನು ಕರೆಯುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಕ್ಯಾಮೆರಾ ಕೆಟ್ಟಿರುವುದಿಲ್ಲ. ಅದು ಗುರುತು ಹಿಡಿಯಬೇಕಾದ ಎರಡು ಸಂಗತಿಗಳು, ಅಂದರೆ ವೈಫೈನ ಹೆಸರು ಮತ್ತು ಅದರ ಪಾಸ್‌ವರ್ಡ್, ಮನೆಯವರ ಕೈಯಲ್ಲಿರದೆ ಕಂಪನಿಯ ಪೆಟ್ಟಿಗೆಯೊಡನೆ ಹೊರಟುಹೋಗಿರುತ್ತವೆ. ಈ ಎರಡನ್ನು ಮನೆಯವರೇ ಇಟ್ಟುಕೊಳ್ಳುವ ಕ್ರಮ ರೂಢಿಯಾದರೆ ಈ ತೊಂದರೆಯ ದೊಡ್ಡ ಭಾಗ ಹುಟ್ಟುವುದೇ ಇಲ್ಲ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿಗಳಂಥ ಊರುಗಳಲ್ಲಿ ಈ ವಿಷಯಕ್ಕೆ ಈಗ ಮಹತ್ವ ಬಂದಿರುವುದಕ್ಕೆ ಕಾರಣಗಳಿವೆ. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ದೂರವಾಣಿಯ ತಾಮ್ರದ ತಂತಿಯ ಮೇಲೆಯೇ ಬ್ರಾಡ್‌ಬ್ಯಾಂಡ್ ಕೊಡಲು ಆರಂಭಿಸಿದಾಗ ಸಣ್ಣ ಊರುಗಳ ಗ್ರಾಹಕನಿಗೆ ಆಯ್ಕೆಯೇ ಇರಲಿಲ್ಲವಾದ್ದರಿಂದ ರೌಟರನ್ನು ಬದಲಿಸುವ ಪ್ರಸಂಗವೂ ಅಪರೂಪವಾಗಿತ್ತು. ಆಮೇಲೆ ಗಾಜಿನ ಎಳೆಯ ಫೈಬರ್ ಬಂತು. ಊರಿನ ಕೇಬಲ್ ಟಿವಿ ನಡೆಸುತ್ತಿದ್ದವರೇ ಕಂಬದಿಂದ ಕಂಬಕ್ಕೆ ಫೈಬರ್ ಎಳೆದು ಬಿಎಸ್‌ಎನ್‌ಎಲ್‌ನ ಪಾಲುದಾರರಾದರು ಇಲ್ಲವೆ ಖಾಸಗಿ ಕಂಪನಿಗಳ ಸಂಪರ್ಕ ಕೊಡತೊಡಗಿದರು. 2019ರ ಸೆಪ್ಟೆಂಬರ್‌ನಲ್ಲಿ ಜಿಯೋ ಫೈಬರ್ ವಾಣಿಜ್ಯ ಸೇವೆ ಆರಂಭಿಸಿದ ಮೇಲೆ ದರದ ಪೈಪೋಟಿ ಹೆಚ್ಚಿತು. ಹೀಗೆ ಆಯ್ಕೆಗಳು ಹೆಚ್ಚಿದಂತೆ ದರಕ್ಕಾಗಿಯೋ ವೇಗಕ್ಕಾಗಿಯೋ ಕಂಪನಿ ಬದಲಿಸುವುದು ಸಾಮಾನ್ಯವಾಗಿದೆ.

ಕ್ಯಾಮೆರಾಗಳ ಉಪಯೋಗವೂ ಈ ನಾಲ್ಕು ಊರುಗಳಲ್ಲಿ ಒಂದೇ ತೆರನಾಗಿಲ್ಲ. ಮಕ್ಕಳು ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ವಿದೇಶದಲ್ಲೋ ನೆಲೆಸಿ, ವಯಸ್ಸಾದ ತಂದೆತಾಯಿ ಇಬ್ಬರೇ ಇರುವ ಹೊಸಪೇಟೆಯ ಮನೆಯಲ್ಲಿ ಕ್ಯಾಮೆರಾ ಕಳ್ಳರಿಗಿಂತ ಹೆಚ್ಚಾಗಿ ಕ್ಷೇಮಸಮಾಚಾರಕ್ಕೆ ಬಳಕೆಯಾಗುತ್ತದೆ. ಮೂರು ದಿನ ಚಿತ್ರ ಬಾರದಿದ್ದರೆ ಕಳವಳಕ್ಕೀಡಾಗುವುದು ದೂರದಲ್ಲಿರುವ ಮಗಳು. ಹಂಪಿ, ಕಮಲಾಪುರ, ಆನೆಗೊಂದಿಗಳ ಹೋಂಸ್ಟೇಗಳಲ್ಲಿ ಅದು ಗೇಟನ್ನೂ ವಾಹನ ನಿಲ್ಲುವ ಜಾಗವನ್ನೂ ನೋಡಿಕೊಳ್ಳುತ್ತದೆ. ತುಂಗಭದ್ರೆಯ ನೀರಿನಿಂದ ಭತ್ತ ಬೆಳೆಯುವ ಕಂಪ್ಲಿಯಲ್ಲಿ ರೈಸ್‌ಮಿಲ್ಲಿನ ಕಣವನ್ನೂ ಗೋದಾಮನ್ನೂ ಕಾಯುತ್ತದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆಯಾದ್ದರಿಂದ ಹೊಳೆಯ ಆಚೆ ಉಳಿದವರಿಗೆ ಈಚೆಯ ಮಳಿಗೆಯನ್ನು ನೋಡಲು ಇರುವ ದಾರಿ ಅದೊಂದೇ ಆಗುವುದುಂಟು. ಇಂಥ ಕಡೆ ಕ್ಯಾಮೆರಾದ ಸಂಪರ್ಕ ಕಡಿಯುವುದನ್ನು ಸಣ್ಣ ಕಿರಿಕಿರಿಯೆಂದು ತಳ್ಳಿಹಾಕಲಾಗದು.

ಮೊದಲು ರೌಟರ್ ಎಂದರೇನೆಂದು ಸ್ಪಷ್ಟಮಾಡಿಕೊಳ್ಳಬೇಕು, ಏಕೆಂದರೆ ಗೋಡೆಯ ಮೇಲಿನ ಒಂದೇ ಪೆಟ್ಟಿಗೆಯೊಳಗೆ ಸಾಮಾನ್ಯವಾಗಿ ಮೂರು ಕೆಲಸಗಳು ನಡೆಯುತ್ತಿರುತ್ತವೆ. ಫೈಬರ್‌ನಲ್ಲಿ ಬರುವ ಬೆಳಕಿನ ಸಂಕೇತವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಭಾಗಕ್ಕೆ ಓಎನ್‌ಟಿ ಎಂದು ಹೆಸರು. ಮನೆಯ ಉಪಕರಣಗಳಿಗೆಲ್ಲ ಒಂದೊಂದು ಅಂಕೆಯ ವಿಳಾಸವನ್ನು ಹಂಚಿ, ಹೊರಗಿನ ಇಂಟರ್‌ನೆಟ್ಟಿಗೂ ಅವುಗಳಿಗೂ ನಡುವೆ ಮಾಹಿತಿಯನ್ನು ದಾಟಿಸುವ ಭಾಗವೇ ನಿಜವಾದ ರೌಟರ್. ತಂತಿಯಿಲ್ಲದೆ ಉಪಕರಣಗಳನ್ನು ಕೂಡಿಸುವ ರೇಡಿಯೊ ಭಾಗ ವೈಫೈ. ಕಂಪನಿ ಬದಲಾದಾಗ ಮೊದಲನೆಯದು ಬದಲಾಗುವುದು ಅನಿವಾರ್ಯ. ಉಳಿದೆರಡು ಬದಲಾಗಲೇಬೇಕೆಂಬ ನಿಯಮವೇನಿಲ್ಲ. ಮೂರನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟು ಉಚಿತವಾಗಿ ಕೊಡುವುದು ಕಂಪನಿಗಳಿಗೆ ಅನುಕೂಲವಾಗಿರುವುದರಿಂದ ಮೂರೂ ಒಟ್ಟಿಗೆ ಬದಲಾಗುತ್ತಿವೆ, ಕ್ಯಾಮೆರಾದ ತೊಂದರೆ ಅಲ್ಲಿಂದಲೇ ಹುಟ್ಟುತ್ತಿದೆ.

ವೈಫೈ ಕ್ಯಾಮೆರಾವನ್ನು ಮೊದಲ ಸಲ ಜೋಡಿಸಿದಾಗ ಅದು ತನ್ನ ನೆನಪಿನಲ್ಲಿ ಬರೆದುಕೊಳ್ಳುವುದು ವೈಫೈನ ಹೆಸರನ್ನು, ಅಂದರೆ ತಾಂತ್ರಿಕರು ಎಸ್‌ಎಸ್‌ಐಡಿ ಎನ್ನುವುದನ್ನು, ಮತ್ತು ಅದರ ಪಾಸ್‌ವರ್ಡನ್ನು. ರೌಟರಿನ ತಯಾರಕ ಯಾರು, ಇಂಟರ್‌ನೆಟ್ ಯಾವ ಕಂಪನಿಯದು ಎಂಬುದು ಅದಕ್ಕೆ ಬೇಕಿಲ್ಲ. ಇಂದಿನ ಹೆಚ್ಚಿನ ಮನೆಗಳಲ್ಲಿರುವ, 2004ರಲ್ಲಿ ಬಂದ ಡಬ್ಲ್ಯುಪಿಎ2 ಎಂಬ ರಕ್ಷಣಾ ವಿಧಾನದಲ್ಲಿ ಹೆಸರು ಮತ್ತು ಪಾಸ್‌ವರ್ಡ್ ಎರಡನ್ನೂ ಬೆರೆಸಿ, ಒಂದು ಗಣಿತ ಕ್ರಿಯೆಯನ್ನು 4096 ಸಲ ಪುನರಾವರ್ತಿಸಿ ಒಂದು ಗುಪ್ತ ಕೀಲಿಯನ್ನು ತಯಾರಿಸಲಾಗುತ್ತದೆ. ರೌಟರ್ ತನ್ನ ಕಡೆ ಲೆಕ್ಕಹಾಕಿದ ಕೀಲಿಯೂ ಕ್ಯಾಮೆರಾ ತನ್ನ ಕಡೆ ಲೆಕ್ಕಹಾಕಿದ ಕೀಲಿಯೂ ಒಂದೇ ಆದರೆ ಒಳಗೆ ಪ್ರವೇಶ, ಇಲ್ಲದಿದ್ದರೆ ಇಲ್ಲ. ಹೆಸರು ಕೂಡ ಲೆಕ್ಕದಲ್ಲಿ ಸೇರಿರುವುದರಿಂದ ಪಾಸ್‌ವರ್ಡ್ ಒಂದೇ ಇದ್ದು ಹೆಸರು ಬೇರೆಯಾದರೂ ಕೀಲಿ ಬೇರೆಯಾಗುತ್ತದೆ. ಇದರ ಇನ್ನೊಂದು ಮುಖವೇ ಮನೆಯವರಿಗೆ ಮುಖ್ಯವಾದದ್ದು: ಹೊಸ ರೌಟರಿಗೆ ಹಳೆಯ ವೈಫೈನ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರಶಃ ಹಾಗೆಯೇ ಕೊಟ್ಟರೆ, ಯಾವ ಕ್ಯಾಮೆರಾವನ್ನೂ ಮುಟ್ಟದೆ, ಏಣಿ ಹತ್ತದೆ, ಎಲ್ಲವೂ ತಾವಾಗಿ ಮರಳಿ ಸೇರಿಕೊಳ್ಳುತ್ತವೆ.

ಹಾಗೆ ಮಾಡಬೇಕಾದರೆ ಹಳೆಯ ಪೆಟ್ಟಿಗೆಯನ್ನು ಕಳಚುವ ಮೊದಲೇ ಅದರ ವೈಫೈ ಹೆಸರು, ಪಾಸ್‌ವರ್ಡ್‌ಗಳನ್ನು ಬರೆದಿಟ್ಟುಕೊಳ್ಳಬೇಕು. ಅನೇಕ ಮೊಬೈಲುಗಳಲ್ಲಿ ವೈಫೈ ಸೆಟ್ಟಿಂಗ್ಸ್‌ನ ‘ಶೇರ್’ ಎಂಬಲ್ಲಿ ಪಾಸ್‌ವರ್ಡನ್ನು ನೋಡಬಹುದು; ರೌಟರಿನ ಬೆನ್ನಿನ ಚೀಟಿಯಲ್ಲಿರುವುದು ಕಾರ್ಖಾನೆಯ ಪಾಸ್‌ವರ್ಡ್ ಮಾತ್ರ, ಯಾರಾದರೂ ಅದನ್ನು ನಡುವೆ ಬದಲಿಸಿದ್ದರೆ ಚೀಟಿ ಪ್ರಯೋಜನಕ್ಕೆ ಬಾರದು. ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ, ಹೆಸರಿನ ನಡುವಿನ ಖಾಲಿ ಜಾಗ, ಕೊನೆಯಲ್ಲಿ ಕಾಣದಂತೆ ಸೇರಿಕೊಂಡ ಇನ್ನೊಂದು ಖಾಲಿ ಜಾಗ, ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ಹೊಸ ಸಂಪರ್ಕ ಕೊಡಲು ಬಂದ ಹುಡುಗ ಅವಸರದಲ್ಲಿರುತ್ತಾನೆ. ಆದರೂ ಅವನು ಹೊರಡುವ ಮೊದಲೇ ಹಳೆಯ ಹೆಸರು, ಪಾಸ್‌ವರ್ಡ್‌ಗಳನ್ನು ಹಾಕಿಸಿಕೊಳ್ಳುವುದು ಗ್ರಾಹಕ ಕೇಳಬಹುದಾದ, ಕೇಳಲೇಬೇಕಾದ ಕೆಲಸ. ಅದೇ ಹೆಸರಿನ ಹೊಸ ರೌಟರ್ ಚಾಲೂ ಆದ ಮೇಲೆ ಹಳೆಯದನ್ನು ಉರಿಯಲು ಬಿಟ್ಟರೆ, ಕ್ಯಾಮೆರಾ ಹತ್ತಿರದಲ್ಲಿರುವ ಹಳೆಯದಕ್ಕೇ ಅಂಟಿಕೊಂಡು, ವೈಫೈ ಇದ್ದೂ ಇಂಟರ್‌ನೆಟ್ ಇಲ್ಲದ ಸ್ಥಿತಿಯಲ್ಲಿ ಉಳಿಯುತ್ತದೆಂಬುದನ್ನೂ ನೆನಪಿಡಬೇಕು.

ವೈಫೈಗೆ ಕನ್ನಡದಲ್ಲೇ ಹೆಸರಿಡುವ ಆಸೆ ಸಹಜವಾದರೂ ಕ್ಯಾಮೆರಾ ಇರುವ ಮನೆಯಲ್ಲಿ ಅದಕ್ಕೊಂದು ತೊಡಕಿದೆ. ಎಸ್‌ಎಸ್‌ಐಡಿಯ ಗರಿಷ್ಠ ಉದ್ದ 32 ಬೈಟು. ಕಂಪ್ಯೂಟರಿನ ಯೂನಿಕೋಡ್ ಬರವಣಿಗೆಯಲ್ಲಿ ಕನ್ನಡದ ಪ್ರತಿ ವ್ಯಂಜನಕ್ಕೂ ಪ್ರತಿ ಸ್ವರಚಿಹ್ನೆಗೂ ಪ್ರತ್ಯೇಕವಾಗಿ ಮೂರು ಬೈಟು ಬೇಕಾಗುತ್ತದೆ. ‘ಹೊಸಪೇಟೆ’ ಎಂಬುದು 21 ಬೈಟುಗಳಲ್ಲಿ ಹಿಡಿಸುತ್ತದೆ, ‘ವಿರೂಪಾಕ್ಷ ನಿಲಯ’ ಎಂದರೆ 40 ಆಗಿ ಮಿತಿಯನ್ನು ಮೀರುತ್ತದೆ. ಮಿತಿಯೊಳಗೆ ಇದ್ದರೂ ಅಗ್ಗದ ಕ್ಯಾಮೆರಾಗಳ ತಂತ್ರಾಂಶ ಅಂಥ ಹೆಸರನ್ನು ಓದಲಾರದೆ ಸೋಲುವುದುಂಟು. ಅಂಥ ಉಪಕರಣಗಳ ತಯಾರಕರು ಭಾರತೀಯ ಲಿಪಿಗಳನ್ನು ಗಮನದಲ್ಲಿಟ್ಟು ತಂತ್ರಾಂಶ ಬರೆಯುವವರೆಗೆ ಸರಳ ರೋಮನ್ ಅಕ್ಷರಗಳ, ಖಾಲಿ ಜಾಗವಿಲ್ಲದ ಹೆಸರೇ ಸುರಕ್ಷಿತ.

ಹೆಸರು, ಪಾಸ್‌ವರ್ಡ್ ಸರಿಯಿದ್ದೂ ಕ್ಯಾಮೆರಾ ಸೇರದಿದ್ದರೆ ಅನುಮಾನಿಸಬೇಕಾದದ್ದು ರೇಡಿಯೊ ತರಂಗವನ್ನು. ವೈಫೈ ಸಾಮಾನ್ಯವಾಗಿ ಎರಡು ಪಟ್ಟಿಗಳಲ್ಲಿ ಕೆಲಸಮಾಡುತ್ತದೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಮೊದಲನೆಯದರ ಅಲೆಯುದ್ದ ಸುಮಾರು 12 ಸೆಂಟಿಮೀಟರು. ಅದು ಗೋಡೆಗಳನ್ನು ಹೆಚ್ಚು ಚೆನ್ನಾಗಿ ದಾಟುತ್ತದೆ, ವೇಗ ಕಡಿಮೆ. ಎರಡನೆಯದರ ಅಲೆ ಅದರ ಅರ್ಧದಷ್ಟು; ವೇಗ ಹೆಚ್ಚು, ಗೋಡೆಯ ಮುಂದೆ ಬೇಗ ಸೋಲುತ್ತದೆ. ಮನೆಬಳಕೆಯ ಬಹುತೇಕ ಕ್ಯಾಮೆರಾಗಳಿಗೆ 2.4 ಮಾತ್ರ ಗೊತ್ತು. ಹೊಸ ರೌಟರುಗಳು ಎರಡೂ ಪಟ್ಟಿಗಳನ್ನು ಒಂದೇ ಹೆಸರಿನಡಿ ಕೂಡಿಸಿ, ಉಪಕರಣವನ್ನು ತಾವೇ ಒಂದರಿಂದ ಇನ್ನೊಂದಕ್ಕೆ ತಳ್ಳುವ ವ್ಯವಸ್ಥೆಯನ್ನು ಹೊಂದಿರುತ್ತವೆ. ಜೋಡಣೆಯ ಹೊತ್ತಿನಲ್ಲಿ ಮೊಬೈಲು 5ರಲ್ಲಿದ್ದು ಕ್ಯಾಮೆರಾ 2.4ರಲ್ಲಿ ಹುಡುಕುತ್ತಿದ್ದರೆ ಎರಡೂ ಒಂದನ್ನೊಂದು ಕಾಣದೆ ಹೋಗಬಹುದು. ರೌಟರಿನ ಸೆಟ್ಟಿಂಗ್ಸ್‌ನಲ್ಲಿ ಈ ಎರಡಕ್ಕೂ ಬೇರೆಬೇರೆ ಹೆಸರು ಕೊಟ್ಟು, ಹಳೆಯ ಹೆಸರನ್ನು 2.4ಕ್ಕೆ ಉಳಿಸುವುದು, ಇಲ್ಲವೆ ಜೋಡಣೆ ಮುಗಿಯುವವರೆಗೆ 5ನ್ನು ಆರಿಸಿಡುವುದು ಇದಕ್ಕೆ ಪರಿಹಾರ. 2018ರಲ್ಲಿ ಬಂದ ಡಬ್ಲ್ಯುಪಿಎ3 ಎಂಬ ಹೊಸ ರಕ್ಷಣೆ ಮಾತ್ರ ಚಾಲೂ ಇದ್ದರೂ ಹಳೆಯ ಕ್ಯಾಮೆರಾ ಹೊರಗೇ ಉಳಿಯುತ್ತದೆ. ಆಗ ಡಬ್ಲ್ಯುಪಿಎ2 ಅಥವಾ ಎರಡೂ ಬೆರೆತ ಆಯ್ಕೆಯನ್ನು ಆರಿಸಬೇಕು. ರಕ್ಷಣೆಯನ್ನೇ ತೆಗೆದುಹಾಕಿ ವೈಫೈಯನ್ನು ತೆರೆದಿಡುವ ಸಲಹೆಯನ್ನು ಯಾರು ಕೊಟ್ಟರೂ ಒಪ್ಪಬಾರದು.

ಗೋಡೆಗಳ ಮಾತು ಈ ಸೀಮೆಗೆ ವಿಶೇಷವಾಗಿ ಅನ್ವಯಿಸುತ್ತದೆ. ಗ್ರಾನೈಟ್ ಗುಡ್ಡಗಳ ನಡುವಿನ ಊರುಗಳಲ್ಲಿ ಹಳೆಯ ಮನೆಗಳ ಗೋಡೆಯೂ ಕೆಲವೆಡೆ ಚಾವಣಿಯೂ ಕಲ್ಲಿನವೇ. ಇಟ್ಟಿಗೆಯ ತೆಳು ಗೋಡೆಗಿಂತ ದಪ್ಪ ಕಲ್ಲುಗೋಡೆ ತರಂಗವನ್ನು ಬಹಳ ಹೆಚ್ಚು ತಡೆಯುತ್ತದೆ. ಹಳೆಯ ರೌಟರ್ ಪಡಸಾಲೆಯಲ್ಲಿದ್ದು, ಹೊಸ ಫೈಬರ್ ಹಿತ್ತಿಲ ಕಡೆಯಿಂದ ಒಳಬಂದು ಹೊಸ ಪೆಟ್ಟಿಗೆ ಅಡುಗೆಮನೆಯ ಪಕ್ಕಕ್ಕೆ ಬಂದರೆ, ಬೇರೆಲ್ಲ ಸರಿಯಿದ್ದೂ ಮುಂಬಾಗಿಲ ಕ್ಯಾಮೆರಾಕ್ಕೆ ಸಂಕೇತ ತಲಪುವುದಿಲ್ಲ. ಫೈಬರ್ ಯಾವ ಗೋಡೆಯಿಂದ ಒಳಬರಬೇಕೆಂಬುದನ್ನು ತಂತಿ ಎಳೆಯುವವರ ಅನುಕೂಲಕ್ಕೆ ಬಿಡದೆ ಮನೆಯವರೇ ನಿರ್ಧರಿಸುವುದಕ್ಕೆ ಇದಕ್ಕಿಂತ ಬೇರೆ ಕಾರಣ ಬೇಡ.

ಅಮೆರಿಕದಿಂದ ಬಂದ ನೆಂಟರು ತಂದುಕೊಟ್ಟ ಕ್ಯಾಮೆರಾಗಳಿಗೆ ಇನ್ನೊಂದು ಸಮಸ್ಯೆಯಿದೆ. 2.4ರ ಪಟ್ಟಿಯನ್ನು ಚಾನೆಲ್‌ಗಳೆಂಬ ಉಪವಿಭಾಗಗಳಾಗಿ ಹಂಚಲಾಗಿದ್ದು, ಭಾರತದಲ್ಲಿ 1ರಿಂದ 13ರವರೆಗೆ ಬಳಕೆಯಲ್ಲಿದ್ದರೆ ಅಮೆರಿಕದ ಉಪಕರಣಗಳು ಸಾಮಾನ್ಯವಾಗಿ 11ಕ್ಕೆ ನಿಲ್ಲುತ್ತವೆ. ಹೊಸ ರೌಟರ್ ತಾನಾಗಿ 12ನ್ನೋ 13ನ್ನೋ ಆರಿಸಿಕೊಂಡರೆ ಅಂಥ ಕ್ಯಾಮೆರಾಕ್ಕೆ ಆ ವೈಫೈ ಇದೆಯೆಂಬುದೇ ತಿಳಿಯದು. ಚಾನೆಲನ್ನು 1, 6 ಅಥವಾ 11ಕ್ಕೆ ಸ್ಥಿರಗೊಳಿಸಿದರೆ ಸಾಕು.

ಹಳೆಯ ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ, ಹಳೆಯ ರೌಟರ್ ಆಗಲೇ ಕಂಪನಿಗೆ ಮರಳಿದೆ ಎಂಬಂಥ ಮನೆಯಲ್ಲಿ ಮಾತ್ರ ಕ್ಯಾಮೆರಾವನ್ನು ಹೊಸದಾಗಿ ಜೋಡಿಸಬೇಕಾಗುತ್ತದೆ. ಅದಕ್ಕೂ ಮೊದಲು ಆ್ಯಪ್‌ನಲ್ಲಿ ‘ವೈಫೈ ಬದಲಿಸಿ’ ಎಂಬ ಅರ್ಥದ ಆಯ್ಕೆ ಇದೆಯೇ ಎಂದು ನೋಡುವುದು ಒಳ್ಳೆಯದು. ಕೆಲವು ಕ್ಯಾಮೆರಾಗಳಲ್ಲಿ ಸಂಪರ್ಕ ಕಡಿದ ಮೇಲೂ ಇದರ ಮೂಲಕವೇ ಹೊಸ ವೈಫೈಯನ್ನು ತಿಳಿಸಬಹುದು, ಹಳೆಯ ಸೆಟ್ಟಿಂಗ್ಸ್ ಉಳಿಯುತ್ತದೆ. ಅದಾಗದಿದ್ದರೆ ಕ್ಯಾಮೆರಾದ ತಳದಲ್ಲೋ ರಬ್ಬರ್ ಮುಚ್ಚಳದಡಿಯೋ ಇರುವ ರೀಸೆಟ್ ಗುಂಡಿಯನ್ನು, ಅದರ ಕೈಪಿಡಿ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಐದು ಹತ್ತು ಸೆಕೆಂಡು, ಒತ್ತಿ ಹಿಡಿಯಬೇಕು. ದೀಪ ಮಿನುಗತೊಡಗಿದರೆ ಅಥವಾ ಧ್ವನಿ ಕೇಳಿಸಿದರೆ ಅದು ಹೊಸ ಸಂಪರ್ಕಕ್ಕೆ ಸಿದ್ಧವಾಗಿದೆಯೆಂದರ್ಥ. ಮೊಬೈಲನ್ನು 2.4ರ ವೈಫೈಗೆ ಕೂಡಿಸಿ, ಮೊಬೈಲ್ ಡೇಟಾ ಮತ್ತು ವಿಪಿಎನ್‌ಗಳನ್ನು ಆರಿಸಿ, ಆ್ಯಪ್ ಕೇಳುವ ಸ್ಥಳದ ಅನುಮತಿಯನ್ನು ಜೋಡಣೆಯ ಮಟ್ಟಿಗೆ ಕೊಟ್ಟರೆ, ಆ್ಯಪ್ ಹೆಸರು ಮತ್ತು ಪಾಸ್‌ವರ್ಡನ್ನು ಕ್ಯೂಆರ್ ಚಿತ್ರವಾಗಿಯೋ ಶಬ್ದವಾಗಿಯೋ ಬ್ಲೂಟೂತ್ ಮೂಲಕವೋ ಕ್ಯಾಮೆರಾಕ್ಕೆ ದಾಟಿಸುತ್ತದೆ. ಎತ್ತರದಲ್ಲಿರುವ ಕ್ಯಾಮೆರಾವನ್ನು ಇಳಿಸಿ ರೌಟರಿನ ಹತ್ತಿರವೇ ಇಟ್ಟು ಜೋಡಿಸಿ, ಆಮೇಲೆ ಮೇಲೇರಿಸುವುದು ಸುಲಭ. ರೀಸೆಟ್ ಮಾಡಿದರೆ ಸಾಮಾನ್ಯವಾಗಿ ಮೆಮೊರಿ ಕಾರ್ಡಿನ ದೃಶ್ಯಗಳು ಅಳಿಯುವುದಿಲ್ಲವಾದರೂ ಆ್ಯಪ್ ಕಾರ್ಡನ್ನು ಫಾರ್ಮ್ಯಾಟ್ ಮಾಡಲು ಕೇಳಿದರೆ ಒಪ್ಪುವ ಮೊದಲು ಬೇಕಾದುದನ್ನು ನಕಲು ಮಾಡಿಕೊಳ್ಳಬೇಕು.

ಇಲ್ಲಿ ರೀಸೆಟ್‌ನಿಂದಲೂ ಬಗೆಹರಿಯದ ಒಂದು ಕಗ್ಗಂಟು ಎದುರಾಗುತ್ತದೆ. ಹೆಚ್ಚಿನ ಕ್ಯಾಮೆರಾಗಳು ಮೊದಲು ಜೋಡಿಸಿದವರ ಖಾತೆಗೆ ಕಟ್ಟುಬಿದ್ದಿರುತ್ತವೆ. ಆ ಖಾತೆಯಿಂದ ತೆಗೆದುಹಾಕುವವರೆಗೆ ಬೇರೆಯವರ ಮೊಬೈಲಿನಲ್ಲಿ ಜೋಡಿಸಲು ಹೋದರೆ ‘ಈ ಉಪಕರಣ ಬೇರೊಬ್ಬರ ಖಾತೆಯಲ್ಲಿದೆ’ ಎಂಬ ಉತ್ತರ ಬರುತ್ತದೆ. ಕದ್ದ ಕ್ಯಾಮೆರಾವನ್ನು ಬಳಸಲಾಗದಂತೆ ಮಾಡುವ ಈ ಒಳ್ಳೆಯ ಏರ್ಪಾಡು, ಖಾತೆಯ ಒಡೆಯ ವಿದೇಶದಲ್ಲಿದ್ದಾಗ ಅಥವಾ ಕ್ಯಾಮೆರಾ ಕೂರಿಸಿದ ಅಂಗಡಿಯವನು ತನ್ನ ಮೊಬೈಲ್ ನಂಬರಿನಲ್ಲೇ ಖಾತೆ ತೆರೆದು ಮನೆಯವರಿಗೆ ಕೇವಲ ನೋಡುವ ಅವಕಾಶವನ್ನು ಹಂಚಿದ್ದಾಗ, ಮನೆಯವರಿಗೇ ಅಡ್ಡಿಯಾಗುತ್ತದೆ. ಎರಡನೆಯ ಸಂದರ್ಭ ನಿಜಕ್ಕೂ ಗಂಭೀರವಾದದ್ದು: ಮನೆಯ ಅಂಗಳದ ದೃಶ್ಯ ಮನೆಯವರಿಗಿಂತ ಮೊದಲು ಅಂಗಡಿಯವನ ಅಧೀನದಲ್ಲಿದೆ ಎಂದಾಯಿತು. ಅವನು ಎಷ್ಟೇ ನಂಬಿಕಸ್ಥನಾಗಿದ್ದರೂ ಖಾತೆ ಮನೆಯ ಒಬ್ಬರ ಹೆಸರಿನಲ್ಲಿ ಇರಬೇಕು. ರೌಟರ್ ಬದಲಾವಣೆ ಅದನ್ನು ಸರಿಪಡಿಸಿಕೊಳ್ಳಲು ಸಿಗುವ ಒಳ್ಳೆಯ ಸಂದರ್ಭ.

ಡಿವಿಆರ್ ಅಥವಾ ಎನ್‌ವಿಆರ್ ಎಂಬ ದಾಖಲೆ ಪೆಟ್ಟಿಗೆಗೆ ತಂತಿಯಿಂದ ಜೋಡಿಸಿದ ನಾಲ್ಕು ಎಂಟು ಕ್ಯಾಮೆರಾಗಳಿರುವ ಮಿಲ್ಲು, ಅಂಗಡಿ, ದೊಡ್ಡ ಮನೆಗಳ ಕಥೆ ಬೇರೆ. ಅಲ್ಲಿ ಕ್ಯಾಮೆರಾಗಳು ವೈಫೈಯನ್ನು ಅವಲಂಬಿಸಿರುವುದಿಲ್ಲ. ಇಂಟರ್‌ನೆಟ್ ಇಲ್ಲದಿದ್ದರೂ ಹಾರ್ಡ್‌ಡಿಸ್ಕಿನಲ್ಲಿ ದಾಖಲೆ ಸಾಗುತ್ತಲೇ ಇರುತ್ತದೆ, ಟಿವಿಯ ಪರದೆಯಲ್ಲಿ ಚಿತ್ರ ಕಾಣುತ್ತಲೇ ಇರುತ್ತದೆ. ಮೊಬೈಲಿನಲ್ಲಿ ಕಾಣುವುದು ಮಾತ್ರ ನಿಂತಿರುತ್ತದೆ, ಅದಕ್ಕೆ ಕಾರಣ ವಿಳಾಸ. ಮನೆಯೊಳಗಿನ ಉಪಕರಣಗಳಿಗೆ ರೌಟರ್ ಕೊಡುವ ಐಪಿ ವಿಳಾಸಗಳು ಹೆಚ್ಚಾಗಿ 192.168 ಎಂದು ಆರಂಭವಾಗುತ್ತವೆ. ಮೂರನೆಯ ಅಂಕೆ ರೌಟರಿನಿಂದ ರೌಟರಿಗೆ ಬದಲಾಗುತ್ತದೆ. ಹಲವು ರೌಟರುಗಳು 192.168.1 ಎಂಬ ಸಾಲನ್ನು ಬಳಸಿದರೆ ಜಿಯೋದ ಪೆಟ್ಟಿಗೆಗಳು 192.168.29 ಎಂಬುದನ್ನು ಬಳಸುತ್ತವೆ. ಡಿವಿಆರ್ ಕೂರಿಸಿದವರು ಅದಕ್ಕೆ 192.168.1.100 ಎಂಬಂಥ ಒಂದು ವಿಳಾಸವನ್ನು ಸ್ಥಿರವಾಗಿ ಬರೆದಿಟ್ಟಿದ್ದರೆ, 29ರ ಸಾಲಿನ ಹೊಸ ರೌಟರಿನೊಡನೆ ಅದು ಮಾತಾಡಲಾರದು. ಕೇರಿ ಬದಲಾದ ಮೇಲೂ ಹಳೆಯ ಕೇರಿಯ ಮನೆ ನಂಬರನ್ನೇ ಹಿಡಿದು ಕುಳಿತಂತೆ.

ಪರಿಹಾರ ಡಿವಿಆರ್‌ನ ಮುಂದೆಯೇ ಇದೆ. ಟಿವಿ ಪರದೆಯಲ್ಲಿ ಅದರ ಮೆನುವಿನ ನೆಟ್‌ವರ್ಕ್ ವಿಭಾಗವನ್ನು ಮೌಸಿನಿಂದ ತೆರೆದು, ವಿಳಾಸವನ್ನು ರೌಟರಿನಿಂದ ತಾನಾಗಿ ಪಡೆಯುವ ಡಿಎಚ್‌ಸಿಪಿ ಎಂಬ ಆಯ್ಕೆಯನ್ನು ಗುರುತುಮಾಡಿದರೆ ಹೆಚ್ಚಿನ ಕಡೆ ಒಂದೆರಡು ನಿಮಿಷಗಳಲ್ಲಿ ‘ಆನ್‌ಲೈನ್’ ಎಂದು ಬರುತ್ತದೆ. ಸ್ಥಿರ ವಿಳಾಸವೇ ಬೇಕಿದ್ದರೆ ಹೊಸ ಸಾಲಿಗೆ ಹೊಂದುವ ವಿಳಾಸವನ್ನೂ, ಹೊರದಾರಿಯಾದ ರೌಟರಿನ ವಿಳಾಸವನ್ನು ಗೇಟ್‌ವೇ ಎಂಬಲ್ಲಿಯೂ, ಹೆಸರುಗಳನ್ನು ಅಂಕೆಯ ವಿಳಾಸಗಳಾಗಿ ಬಿಡಿಸುವ ಡಿಎನ್‌ಎಸ್ ಸೇವೆಯ ವಿಳಾಸವನ್ನೂ ಬರೆಯಬೇಕು. ಈ ಮೂರನೆಯದನ್ನು ಮರೆತವರೇ ಹೆಚ್ಚು. ಎನ್‌ವಿಆರ್‌ಗೆ ರೌಟರಿನ ಮೂಲಕವೇ ಕೂಡಿದ ಐಪಿ ಕ್ಯಾಮೆರಾಗಳಿದ್ದರೆ ಪ್ರತಿ ಕ್ಯಾಮೆರಾದ ವಿಳಾಸವನ್ನೂ ಹೀಗೆ ಬದಲಿಸಬೇಕಾಗುತ್ತದೆ. ಹತ್ತು ಕ್ಯಾಮೆರಾಗಳ ವಿಳಾಸ ಬದಲಿಸುವ ಬದಲು ಹೊಸ ರೌಟರಿನ ಒಳಸಾಲನ್ನೇ ಹಳೆಯದಕ್ಕೆ ಹೊಂದಿಸುವುದು ಜಾಣತನ, ಅದಕ್ಕೆ ಅವಕಾಶ ಬಹುತೇಕ ರೌಟರುಗಳಲ್ಲಿದೆ.

ಹಿಂದೆ ಮೊಬೈಲಿನಿಂದ ಡಿವಿಆರ್ ನೋಡಲು ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಂಬ ಕಿಂಡಿಯನ್ನು ತೆರೆದು, ಮನೆಯ ಸಂಪರ್ಕಕ್ಕಿದ್ದ ಸಾರ್ವಜನಿಕ ಐಪಿ ವಿಳಾಸವನ್ನು ಆ್ಯಪ್‌ನಲ್ಲಿ ಬರೆಯುತ್ತಿದ್ದರು. ಈಗ ಆ ಏರ್ಪಾಡು ಹೊಸ ಸಂಪರ್ಕದಲ್ಲಿ ನಡೆಯದಿದ್ದರೆ ಅದು ಮನೆಯ ದೋಷವಲ್ಲ. ಜಗತ್ತಿನಲ್ಲಿ ಐಪಿವಿ4 ವಿಳಾಸಗಳು ಮುಗಿಯುತ್ತ ಬಂದುದರಿಂದ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಇಡುತ್ತಿವೆ. ಇದನ್ನು ಸಿಜಿನ್ಯಾಟ್ ಎನ್ನುತ್ತಾರೆ, ಇದಕ್ಕಾಗಿಯೇ 2012ರಲ್ಲಿ 100.64ರಿಂದ 100.127ರವರೆಗಿನ ವಿಳಾಸಗಳನ್ನು ಮೀಸಲಿಡಲಾಯಿತು. ರೌಟರಿನ ಪುಟದಲ್ಲಿ ಹೊರಗಿನ ವಿಳಾಸ ಹೀಗೆ ಆರಂಭವಾಗುತ್ತಿದ್ದರೆ ಕಿಂಡಿ ತೆರೆದೂ ಪ್ರಯೋಜನವಿಲ್ಲ. ಆಗ ಡಿವಿಆರ್‌ನ ಮೆನುವಿನಲ್ಲಿರುವ ಪಿ2ಪಿ ಅಥವಾ ಕ್ಲೌಡ್ ಎಂಬ ಆಯ್ಕೆಯನ್ನು ಚಾಲೂ ಮಾಡಿ, ಅಲ್ಲಿ ಕಾಣುವ ಕ್ಯೂಆರ್ ಚಿತ್ರವನ್ನು ಆ್ಯಪ್‌ನಿಂದ ಓದಿಸಿದರೆ, ತಯಾರಕರ ಸರ್ವರಿನ ಮಧ್ಯಸ್ಥಿಕೆಯಲ್ಲಿ ಸಂಪರ್ಕ ಏರ್ಪಡುತ್ತದೆ. ತೆರೆದ ಕಿಂಡಿ ಯಾವತ್ತೂ ಅಪಾಯಕ್ಕೆ ಆಹ್ವಾನವಾಗಿತ್ತಾದ್ದರಿಂದ ಅದು ಮುಚ್ಚಿದ್ದು ನಷ್ಟವೇನಲ್ಲ.

ಆ ಅಪಾಯ ಕಾಲ್ಪನಿಕವಾದದ್ದಲ್ಲ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಬದಲಿಸದೆ ಉಳಿದ ಕ್ಯಾಮೆರಾ ಮತ್ತು ಡಿವಿಆರ್‌ಗಳನ್ನು ಅರವತ್ತರಷ್ಟು ಪರಿಚಿತ ಹೆಸರು–ಪಾಸ್‌ವರ್ಡ್ ಜೋಡಿಗಳಿಂದ ಒಳಹೊಕ್ಕು ವಶಪಡಿಸಿಕೊಂಡಿತು. ಅದೇ ವರ್ಷದ ಅಕ್ಟೋಬರ್ 21ರಂದು ಇಂಥ ಉಪಕರಣಗಳ ಪಡೆ ಡೈನ್ ಎಂಬ ಡಿಎನ್‌ಎಸ್ ಕಂಪನಿಯ ಮೇಲೆ ನಡೆಸಿದ ದಾಳಿಯಿಂದ ಟ್ವಿಟರ್, ನೆಟ್‌ಫ್ಲಿಕ್ಸ್‌ನಂಥ ತಾಣಗಳು ಅಮೆರಿಕದಲ್ಲಿ ಗಂಟೆಗಟ್ಟಲೆ ತಡವರಿಸಿದವು. ಭಾರತದಲ್ಲಿ ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಸಿಸಿಟಿವಿ ಕ್ಯಾಮೆರಾಗಳಿಗೆ ಭದ್ರತಾ ಪರೀಕ್ಷೆಯನ್ನು ಕಡ್ಡಾಯಗೊಳಿಸುವ ಅಧಿಸೂಚನೆ ಹೊರಡಿಸಿತು, ಅದು 2025ರ ಏಪ್ರಿಲ್‌ನಿಂದ ಜಾರಿಗೆ ಬಂತು. ಅದಕ್ಕೂ ಮೊದಲೇ ಮನೆಗೆ ಬಂದು ಕೂತ ಕ್ಯಾಮೆರಾಗಳಿಗೆ ಕಾವಲು ಮನೆಯವರೇ. ರೌಟರ್ ಬದಲಿಸಿದ ದಿನವೇ ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡನ್ನೂ ರೌಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಬದಲಿಸಬೇಕು. ಇವೆರಡೂ ವೈಫೈ ಪಾಸ್‌ವರ್ಡಿನಿಂದ ಬೇರೆ.

ಹಂಪಿಯ ಹೋಂಸ್ಟೇಗಳಿಗೆ ಇಲ್ಲಿ ಇನ್ನೂ ಒಂದು ಹೊಣೆಯಿದೆ. ಅತಿಥಿಗಳಿಗಾಗಿ ಗೋಡೆಯ ಮೇಲೆ ಅಂಟಿಸಿದ ವೈಫೈ ಪಾಸ್‌ವರ್ಡೇ ಕ್ಯಾಮೆರಾ ಸೇರಿರುವ ವೈಫೈನ ಪಾಸ್‌ವರ್ಡೂ ಆಗಿದ್ದರೆ, ಬಂದುಹೋದ ಪ್ರತಿ ಅತಿಥಿಯೂ ಕ್ಯಾಮೆರಾಗಳಿರುವ ಜಾಲದೊಳಗೆ ಕಾಲಿಟ್ಟಂತಾಯಿತು. ಹೊಸ ರೌಟರುಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಪ್ರತ್ಯೇಕ ವೈಫೈ ಇರುತ್ತದೆ. ಅತಿಥಿಗಳನ್ನು ಅದಕ್ಕೆ ಸೇರಿಸಿ ಕ್ಯಾಮೆರಾಗಳನ್ನು ಮುಖ್ಯ ವೈಫೈಯಲ್ಲಿ ಉಳಿಸಬೇಕು. ಕ್ಯಾಮೆರಾ ಯಾವ ಕಡೆ ಮುಖಮಾಡಿದೆಯೆಂಬುದನ್ನೂ ಅದೇ ದಿನ ಪರಿಶೀಲಿಸುವುದು ಯೋಗ್ಯ: ಯಾರದೇ ಖಾಸಗಿ ಅಂಗಗಳ ಚಿತ್ರವನ್ನು ಒಪ್ಪಿಗೆಯಿಲ್ಲದೆ ಸೆರೆಹಿಡಿಯುವುದು ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಇ ಕಲಮಿನಡಿ ಮೂರು ವರ್ಷದವರೆಗಿನ ಸೆರೆವಾಸಕ್ಕೆ, ಎರಡು ಲಕ್ಷ ರೂಪಾಯಿವರೆಗಿನ ದಂಡಕ್ಕೆ ಅಥವಾ ಎರಡಕ್ಕೂ ಗುರಿಯಾಗುವ ಅಪರಾಧ, ಕೊಠಡಿ, ಸ್ನಾನದ ಜಾಗಗಳ ಹತ್ತಿರ ಕ್ಯಾಮೆರಾ ಸುಳಿಯಲೇಬಾರದು. ನೆರೆಮನೆಯ ಕಿಟಕಿಯ ವಿಷಯದಲ್ಲಿ ಕಾನೂನಿಗಿಂತ ಮೊದಲು ನೆರೆಹೊರೆಯ ಮರ್ಯಾದೆಯೇ ದಾರಿ ತೋರಬೇಕು.

ಇಷ್ಟೆಲ್ಲ ಜೋಡಣೆಯನ್ನು ಪ್ರತಿ ಸಲವೂ ಮಾಡಬೇಕಾಗಿಲ್ಲದ ಒಂದು ದಾರಿಯಿದೆ, ಕ್ಯಾಮೆರಾ ಇರುವ ಮನೆಗಳಿಗೆ ಅದೇ ಎಲ್ಲಕ್ಕಿಂತ ಉತ್ತಮವೆಂದು ಧೈರ್ಯವಾಗಿ ಹೇಳಬಹುದು. ಮನೆಯವರು ತಮ್ಮದೇ ಒಂದು ವೈಫೈ ರೌಟರನ್ನು ಕೊಂಡು, ಅದರಲ್ಲಿ ತಮ್ಮ ಹೆಸರು, ಪಾಸ್‌ವರ್ಡ್‌ಗಳನ್ನಿಟ್ಟು, ಕಂಪನಿಯ ಪೆಟ್ಟಿಗೆಯಿಂದ ಒಂದು ಲ್ಯಾನ್ ತಂತಿಯನ್ನು ಅದರ ವ್ಯಾನ್ ಎಂಬ ಕಿಂಡಿಗೆ ಕೂಡಿಸಿದರೆ, ಕ್ಯಾಮೆರಾಗಳಿಗೆ ಕಾಣುವುದು ಮನೆಯ ರೌಟರ್ ಮಾತ್ರ. ಕಂಪನಿ ಬದಲಾದಾಗ ತಂತಿಯನ್ನು ಹೊಸ ಪೆಟ್ಟಿಗೆಗೆ ಚುಚ್ಚಿದರೆ ಕೆಲಸ ಮುಗಿಯಿತು. ವಿಳಾಸದ ಸಾಲೂ ಬದಲಾಗದಿರುವುದರಿಂದ ಡಿವಿಆರ್‌ಗೂ ಏನೂ ತಿಳಿಯುವುದಿಲ್ಲ. ಎರಡು ಪೆಟ್ಟಿಗೆಗಳೂ ಒಂದೇ ಸಾಲಿನ ವಿಳಾಸವನ್ನು ಬಳಸದಂತೆ ನೋಡಿಕೊಂಡರೆ ಸಾಕು. ಕಂಪನಿ ಉಚಿತವಾಗಿ ಕೊಟ್ಟದ್ದಿರುವಾಗ ಇನ್ನೊಂದಕ್ಕೆ ಹಣ ಹಾಕುವುದೇಕೆಂಬ ಪ್ರಶ್ನೆ ಏಳಬಹುದು. ಮನೆಯ ಬೀಗವನ್ನು ಯಾರೂ ಬಾಡಿಗೆಗೆ ತರುವುದಿಲ್ಲವೆಂಬುದೇ ಅದಕ್ಕೆ ಉತ್ತರ.

ಪೆಟ್ಟಿಗೆ ಯಾವುದಾದರೂ ಈ ಸೀಮೆಯ ಹವೆಯನ್ನು ತಾಳಬೇಕು. ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುವ ಇಲ್ಲಿ, ಬಿಸಿಲು ಬೀಳುವ ಕಿಟಕಿಯ ಪಕ್ಕದಲ್ಲೋ ಗಾಳಿಯಾಡದ ಮರದ ಪೆಟ್ಟಿಗೆಯಲ್ಲೋ ಇಟ್ಟ ರೌಟರ್ ಮಧ್ಯಾಹ್ನದ ಹೊತ್ತಿಗೆ ಬಿಸಿಯೇರಿ ತಾನಾಗಿ ನಿಂತು ಮತ್ತೆ ಚಾಲೂ ಆಗುತ್ತಿರಬಹುದು. ಸಂಡೂರಿನ ಅದಿರಿನ ಕೆಂಧೂಳು ರೌಟರಿನ ಗಾಳಿಕಂಡಿಯನ್ನೂ ಕ್ಯಾಮೆರಾದ ಗಾಜನ್ನೂ ಮುಚ್ಚುತ್ತದೆ. ರಾತ್ರಿಯಲ್ಲಿ ಕ್ಯಾಮೆರಾದ ಅತಿಗೆಂಪು ದೀಪದ ಬೆಳಕು ಗಾಜಿನ ಮೇಲಿನ ಧೂಳಿಗೇ ಬಡಿದು ಮರಳುವುದರಿಂದ ಚಿತ್ರ ಬೆಳ್ಳಗೆ ಮಸುಕಾಗುತ್ತದೆ, ಇದನ್ನೂ ಹೊಸ ರೌಟರಿನ ತಪ್ಪೆಂದು ದೂರುವವರಿದ್ದಾರೆ. ಕರೆಂಟು ಹೋದಾಗ ಕ್ಯಾಮೆರಾ, ರೌಟರ್, ಓಎನ್‌ಟಿ ಮೂರಕ್ಕೂ ಬ್ಯಾಟರಿಯ ಬೆಂಬಲವಿಲ್ಲದಿದ್ದರೆ ಯಾವುದಾದರೊಂದಕ್ಕೆ ಇದ್ದೂ ಫಲವಿಲ್ಲ; 12 ವೋಲ್ಟಿನ ಸಣ್ಣ ಯುಪಿಎಸ್ ಕೊಳ್ಳುವಾಗ ಹೊಸ ರೌಟರಿನ ಅಡಾಪ್ಟರಿನ ಮೇಲೆ ಬರೆದ ವೋಲ್ಟ್ ಮತ್ತು ಆಂಪಿಯರ್ ಅಂಕೆಗಳನ್ನು ಹೋಲಿಸಿ ನೋಡಬೇಕು.

ಕೆಲಸ ಮುಗಿಯಿತೆಂದು ಹೇಳುವ ಮೊದಲು ಮೊಬೈಲಿನ ವೈಫೈಯನ್ನು ಆರಿಸಿ, ಮೊಬೈಲ್ ಡೇಟಾದಿಂದ ಪ್ರತಿ ಕ್ಯಾಮೆರಾವನ್ನೂ ತೆರೆದು ನೋಡಬೇಕು. ಮನೆಯ ವೈಫೈಯಲ್ಲೇ ನೋಡಿದರೆ ಹೊರಗಿನ ದಾರಿ ಸರಿಯಿದೆಯೆಂಬುದಕ್ಕೆ ಖಾತ್ರಿಯಿಲ್ಲ. ಹಿಂದಿನ ದಿನದ ದಾಖಲೆಯನ್ನೂ ತೆರೆದು, ಚಿತ್ರದ ಮೂಲೆಯಲ್ಲಿರುವ ದಿನಾಂಕ, ವೇಳೆಗಳನ್ನು ಗಡಿಯಾರಕ್ಕೆ ಹೋಲಿಸಬೇಕು. ಇಂಟರ್‌ನೆಟ್ಟಿನಿಂದ ವೇಳೆ ಪಡೆಯುವ ಉಪಕರಣಗಳು ಸಂಪರ್ಕ ಕಡಿದ ಅವಧಿಯಲ್ಲಿ ಹಿಂದೆಮುಂದೆ ಸರಿದಿರಬಹುದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ ಇಂಥ ದೃಶ್ಯವನ್ನು ನ್ಯಾಯಾಲಯದಲ್ಲಿ ಹಾಜರುಪಡಿಸಲು ಪ್ರಮಾಣಪತ್ರ ಬೇಕಾಗುತ್ತದೆ, ತಪ್ಪು ವೇಳೆಯ ದೃಶ್ಯ ಅಲ್ಲಿ ಪ್ರಶ್ನೆಗಳನ್ನು ಎಬ್ಬಿಸುತ್ತದೆ. ಎಲ್ಲ ಕ್ಯಾಮೆರಾಗಳೂ ಮರಳಿ ಬಂದವೆಂದು ಖಚಿತವಾದ ಬಳಿಕವೇ ಹಳೆಯ ರೌಟರನ್ನು ಕಂಪನಿಗೆ ಒಪ್ಪಿಸಬೇಕು. ಒಪ್ಪಿಸುವ ಮುನ್ನ ಅದರ ರೀಸೆಟ್ ಗುಂಡಿಯನ್ನು ಒತ್ತಿ ಹಿಡಿದು ಅದರೊಳಗಿನ ವೈಫೈ ಹೆಸರು, ಪಾಸ್‌ವರ್ಡ್‌ಗಳನ್ನು ಅಳಿಸಬೇಕು, ಏಕೆಂದರೆ ಹೊಸ ರೌಟರಿನಲ್ಲಿ ಈಗ ಬಳಕೆಯಲ್ಲಿರುವುದೂ ಅವೇ.